ತಿಮಿಂಗಿಲ, ರೋಮದ ಏಡಿ ಮತ್ತು ಅಮ್ಮನ ಪ್ರಶ್ನೆ

ಲಂಡನ್ನಿಗೆ ಬಂದು ನಾಲ್ಕು ವರ್ಷವಾದರೂ ನಾನು ಮ್ಯೂಸಿಯಂ ಕಡೆ ತಲೆ ಹಾಕಿರಲಿಲ್ಲ. ಮಲ್ಪೆಯಿಂದ ಅಮ್ಮ ಬಂದಿದ್ದಳು ಅಂತ ಒಂದು ಶನಿವಾರ ಸೌತ್ ಕೆನ್ಸಿಂಗ್‌ಟನ್ ಸ್ಟೇಷನ್ನಿನಲ್ಲಿ ಇಳಿದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ನಡೆದೆವು. ಪ್ರವೇಶಕ್ಕೆ ದುಡ್ಡಿಲ್ಲ ಅಂದಾಗಲೇ ಅಮ್ಮನಿಗೆ ಅರ್ಧ ಖುಷಿ.

ದೊಡ್ಡ ಹಾಲ್‌ಗೆ ಕಾಲಿಟ್ಟು ತಲೆ ಎತ್ತಿದರೆ ನೀಲಿ ತಿಮಿಂಗಿಲದ ಅಸ್ಥಿಪಂಜರ! 25.2 ಮೀಟರ್ ಉದ್ದ. 1891ರಲ್ಲಿ ಐರ್ಲೆಂಡಿನ ವೆಕ್ಸ್‌ಫರ್ಡ್ ಬಳಿ ಮರಳುದಿಬ್ಬಕ್ಕೆ ಸಿಕ್ಕಿಕೊಂಡು ಸತ್ತ ಹೆಣ್ಣು. 2017ರಿಂದ ಇಲ್ಲಿ ತೂಗುತ್ತಿದೆ. ಹೆಸರು 'ಹೋಪ್', ಅಂದರೆ ಭರವಸೆ. ಬೇಟೆಯಿಂದ ಅಳಿದೇ ಹೋಗುತ್ತಿದ್ದ ಈ ಜೀವಿಗೆ 1966ರಲ್ಲಿ ರಕ್ಷಣೆ ಸಿಕ್ಕಿತು.

"ಇಷ್ಟು ದೊಡ್ಡದು ತಿನ್ನೋದು ಎಂತ?" ಅಮ್ಮ ಕೇಳಿದಳು.

"ಸಣ್ಣ ಸಿಗಡಿಯಂಥ ಕ್ರಿಲ್. ಹಲ್ಲಿಲ್ಲ, ಬಾಯಲ್ಲಿ ಬಾಚಣಿಗೆಯಂಥ ಪಟ್ಟಿಗಳು. ನೀರು ಸೋಸಿ ನುಂಗ್ತದೆ."

ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಅವಳಿಗೆ ಇನ್ನೊಂದು ಜೀವಿ ತೋರಿಸಿದೆ: ಯೇತಿ ಏಡಿ. ಹೆಸರಿಗೆ ಏಡಿ, ಆದರೆ ಸ್ಕ್ವಾಟ್ ಲಾಬ್‌ಸ್ಟರ್‌ಗಳ ಬಳಗದ್ದು. ಅಂಟಾರ್ಕ್ಟಿಕಾ ಕಡೆಯ ಸಮುದ್ರದಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಬಿಸಿನೀರಿನ ಬುಗ್ಗೆಗಳ ಸುತ್ತ ಬದುಕುತ್ತದೆ. ದೊಡ್ಡದೆಂದರೆ 15 ಸೆಂಟಿಮೀಟರ್. ಬುಗ್ಗೆಯ ನೀರು 350 ಡಿಗ್ರಿಗೂ ಮೀರಿ ಬಿಸಿ, ಸುತ್ತಲಿನ ಕಡಲು ಮಂಜುಗಡ್ಡೆಯಷ್ಟು ತಣ್ಣಗೆ. ನಡುವಿನ ಬೆಚ್ಚಗಿನ ಸಣ್ಣ ಜಾಗದಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ, ಥೇಟ್ ನಮ್ಮ ಲೋಕಲ್ ಟ್ರೈನ್! ಮೈಮೇಲಿನ ರೋಮದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಬಾಯಿಯ ಬಾಚಣಿಗೆಯಿಂದ ಬಾಚಿ ತಿನ್ನುತ್ತವೆ.

"ಅದಕ್ಕೂ ಬಾಚಣಿಗೆ, ಇದಕ್ಕೂ ಬಾಚಣಿಗೆ!" ಅಮ್ಮ ನಕ್ಕಳು.

ಇನ್ನೊಂದು ಹೋಲಿಕೆಯೂ ಇದೆ. ತಾಯಿ ತಿಮಿಂಗಿಲ ಹೊಟ್ಟೆ ತುಂಬುವ ತಣ್ಣನೆಯ ಕಡಲು ಬಿಟ್ಟು ಬೆಚ್ಚನೆಯ ಕಡಲಿಗೆ ಹೋಗಿ ಹೆರುತ್ತದೆ. ಅಲ್ಲಿ ಊಟ ಕಡಿಮೆ, ತನ್ನ ಕೊಬ್ಬನ್ನೇ ಹಾಲಾಗಿಸಿ ಉಣಿಸುತ್ತದೆ. ಏಡಿಯದ್ದು ಉಲ್ಟಾ. ಮೊಟ್ಟೆ ಹೊತ್ತ ಹೆಣ್ಣು ಬೆಚ್ಚಗಿನ ಜಾಗ ಬಿಟ್ಟು ಮರಿಗಳಿಗಾಗಿ ಚಳಿಯತ್ತ ಹೋಗುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಬೆಳೆಯೋದಿಲ್ಲ, ಸೊರಗುತ್ತದೆ.

ಅಮ್ಮನ ಬರಿಗೈ ನೋಡಿದೆ. ನನ್ನ ಇಂಜಿನಿಯರಿಂಗ್ ಫೀಸಿಗೆಂದು ಅಡವಿಟ್ಟ ಬಳೆಗಳು ಮತ್ತೆ ಆ ಕೈಗೆ ಬಂದಿಲ್ಲ. ಬಿಡಿಸಿಕೊಡ್ತೇನೆ ಅಂದಾಗೆಲ್ಲ "ಈಗ ಯಾರಿಗೆ ಬೇಕು" ಅನ್ನುತ್ತಾಳೆ.

"ಆಮೇಲೆ ಅದು ವಾಪಸ್ ಬರ್ತದಾ?"

"ಹೆಚ್ಚಿನವು ಬರೋದಿಲ್ಲ ಅಂತ ವಿಜ್ಞಾನಿಗಳ ಅಂದಾಜು ಅಮ್ಮ."

"ಮರಿಗಳಾದ್ರೂ?"

"ಬರಲೇಬೇಕು. ಬುಗ್ಗೆ ಬಿಟ್ರೆ ಅವಕ್ಕೆ ಊಟ ಎಲ್ಲಿಯದು?"

ಅಮ್ಮ ಮತ್ತೆ ಮೇಲೆ ನೋಡತೊಡಗಿದಳು. "ನೀನು ಊರಿಗೆ ಬರದೆ ಮೂರು ವರ್ಷ ಆಯ್ತು ಮಾರಾಯ್ತಿ" ಅಂತ ಎಂದೂ ಬಾಯಿಬಿಟ್ಟು ಹೇಳಿದವಳಲ್ಲ.

ಆ ರಾತ್ರಿ ರಜೆಗೆ ಮೇಲ್ ಹಾಕಿ, ಡಿಸೆಂಬರಿಗೆ ಮಂಗಳೂರಿನ ಟಿಕೆಟ್ ಬುಕ್ ಮಾಡಿದೆ.