ಲಿಂಗಂಪಲ್ಲಿಯ ಸ್ಟೇಷನ್ನಿನಲ್ಲಿ

ನಮ್ಮ ಔರಾದದಲ್ಲಿ ಅಮರೇಶ್ವರನ ಗುಡಿಯುಂಟು, ಜಾತ್ರೆಯುಂಟು, ರೈಲು ಸ್ಟೇಷನ್ನಿಲ್ಲ. ಗಾಡಿ ಹಿಡಿಯಬೇಕಾದರೆ ಸುಮಾರು 40 ಕಿಲೋಮೀಟರು ದೂರದ ಬೀದರಿಗೆ ಹೋಗಬೇಕು. ಇಂತಹ ಊರಿನವನಾದ ನಾನು ಹೈದರಾಬಾದಿನ ಪಡುವಣ ಅಂಚಿನ ಲಿಂಗಂಪಲ್ಲಿ ಸ್ಟೇಷನ್ನನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಸೀಮೆಯ ಮಕ್ಕಳು ಅಲ್ಲಿಳಿದು ಅನ್ನವನ್ನರಸುತ್ತಿರುವುದನ್ನು ಬಲ್ಲ ವಾಚಕರು ಹಾಗೆನ್ನಲಾರರು.

ಮುಂಬಯಿ–ಮದರಾಸಿನ ಹಾದಿಯಲ್ಲಿರುವ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮ ಸರಕಾರದ ಹಣದಿಂದ ಹಾಕಿದ ರೈಲುಹಾದಿಯು 1874ರಲ್ಲಿ ತೆರೆಯಿತು. ಲಿಂಗಂಪಲ್ಲಿಯು ಈ ಹಾದಿಯ ಮೇಲಿನದು. ಮುಂದೆ ನಿಜಾಮರ ಆಳಿಕೆಯಲ್ಲಿಯೇ ವಿಕಾರಾಬಾದಿನಲ್ಲಿ ಕವಲೊಡೆದು ಬೀದರ, ಭಾಲ್ಕಿ, ಕಮಲನಗರ, ಉದಗೀರಗಳ ಮೇಲಿಂದ ಪರಳಿಗೆ ಹೋಗುವ ಹಾದಿಯೂ ಆಯಿತು. 1956ರ ನವೆಂಬರ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ರಾಜ್ಯದ ಗಡಿಗಳು ಬದಲಾದುವು, ಕಂಬಿಗಳು ಮಾತ್ರ ಮೊದಲಿನಂತೆಯೇ ಹೈದರಾಬಾದಿನತ್ತ ಮೋರೆ ಮಾಡಿ ಮಲಗಿದ್ದುವು.

ಲಿಂಗಂಪಲ್ಲಿಯ ನೆರೆಯ ರಾಮಚಂದ್ರಾಪುರದಲ್ಲಿ ವಿದ್ಯುದ್ಯಂತ್ರಗಳ ದೊಡ್ಡ ಕಾರಖಾನೆ ಬಂದಿತು. 1974ರಲ್ಲಿ ಸ್ಥಾಪಿತವಾದ ಹೈದರಾಬಾದು ವಿಶ್ವವಿದ್ಯಾನಿಲಯವೂ ಸಮೀಪದಲ್ಲಿ ನೆಲೆಸಿತು. ಬಳಿಕ ಗಣಕಯಂತ್ರದ ಕಚೇರಿಗಳು ಎದ್ದುವು. 2003ರ ಆಗಸ್ಟ್ 9ರಂದು ಎಂ.ಎಂ.ಟಿ.ಎಸ್. ಎಂಬ ನಗರದ ಲೋಕಲ್ ಗಾಡಿಗಳು ಆರಂಭವಾದಾಗ, ಲಿಂಗಂಪಲ್ಲಿಯೇ ಅವುಗಳ ಪಡುವಣ ಕೊನೆಯಾಯಿತು.

ನನ್ನ ಮಗನ ಸಂಸಾರವು ಆ ಸ್ಟೇಷನ್ನಿನ ಹತ್ತಿರದಲ್ಲಿಯೇ ಇದೆ. ಜೋಳದ ಹಿಟ್ಟು, ಶೇಂಗಾ ಹಿಂಡಿಗಳ ಗಂಟು ಹೊತ್ತು ವರ್ಷಕ್ಕೊಂದೆರಡು ಬಾರಿ ಹೋಗುವೆನು. ಅವನು ಕೆಲಸಕ್ಕೆ ಹೋದ ಮೇಲೆ ನನಗೆ ಹೊತ್ತು ಹೋಗದು; ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತು ಜನರನ್ನು ನೋಡುವೆನು. ಗಾಡಿಯೊಂದು ತಪ್ಪಿದರೆ ಮೋರೆ ಸಿಂಡರಿಸುವರು. ಇನ್ನೊಂದು ಬಂದೊಡನೆ ಅದನ್ನು ಮರೆತು ಏರುವರು. ತಪ್ಪಿದ ಗಾಡಿಗೆ ಬದಲು ಮತ್ತೊಂದು ಉಂಟೆಂಬ ಧೈರ್ಯವೇ ಅಲ್ಲಿನವರ ಭಾಗ್ಯವೆಂದುಕೊಂಡಿದ್ದೆನು.

ಒಂದು ದಿನ ಹೀಗೆಯೇ ಕುಳಿತಿರಲು ಮೂವತ್ತರ ಪ್ರಾಯದವನೊಬ್ಬನು ಬಂದು ಕಾಲು ಮುಟ್ಟಿದನು. "ಗುರುಗಳೇ, ಗುರ್ತು ಸಿಕ್ಕಿತೇನ್ರಿ?" ಸಿಕ್ಕಿತು. ಅವನು ನನ್ನ ಶಿಷ್ಯ. ಹತ್ತನೆಯ ತರಗತಿ ಮುಗಿದಾಗ, "ಹುಡುಗನನ್ನು ಹೈದರಾಬಾದಿಗೆ ಓದಲು ಕಳುಹಿಸಿರಿ" ಎಂದು ಅವನ ತಂದೆಯನ್ನು ಒಪ್ಪಿಸಿದವನು ನಾನೇ. ಎರಡು ಎಕರೆಯ ಆ ಒಕ್ಕಲಿಗನು ಆಗ ಒಂದೇ ಮಾತು ಕೇಳಿದ್ದನು: "ಕರೆದಾಗ ಬರ್ತಾನೇನ್ರಿ ಮಾಸ್ತರ?" "ಹೈದರಾಬಾದೇನು ದೂರ? ಗಾಡಿ ಇದೆಯಲ್ಲ" ಎಂದಿದ್ದೆನು.

ತಂದೆಯ ಕ್ಷೇಮ ವಿಚಾರಿಸಿದೆನು. ಹುಡುಗನು ಸ್ವಲ್ಪ ಹೊತ್ತು ಕಂಬಿಗಳನ್ನು ನೋಡುತ್ತಿದ್ದನು.

"ಹೋದ ವರ್ಷ ತೀರಿಕೊಂಡರ್ರಿ. ಸಂಜೀಕೆ ಫೋನು ಬಂತು. ಇದೇ ಸ್ಟೇಷನ್ನಿನಾಗ ಗಾಡಿ ಹತ್ತಿ ನಡುರಾತ್ರಿಗೆ ಬೀದರ ಮುಟ್ಟಿದೆ. ಅಲ್ಲಿಂದ ಮುಂದ ಊರಿಗೆ ಬಸ್ಸಿಲ್ಲ. ಬೆಳಗ್ಗೆ ಮನೀಗೆ ಹೋಗೋದ್ರಾಗ ಜೀವ ಹೋಗಿತ್ತು. ರಾತ್ರಿಯೆಲ್ಲ ನನ್ನನ್ನೇ ಕೇಳಿದ್ರಂತ."

ನಾನು ಏನನ್ನೂ ಹೇಳಲಾರದೆ ಹೋದೆನು. ಅಷ್ಟರಲ್ಲಿ ಅವನ ಗಾಡಿ ಬಂದಿತು. ಮತ್ತೊಮ್ಮೆ ಕಾಲು ಮುಟ್ಟಿ ಏರಿದನು.

ಪಾಠಶಾಲೆಯಲ್ಲಿ ನಮಗೆ ಪಂಚಮೀ ವಿಭಕ್ತಿಯನ್ನು ಕಲಿಸುವಾಗ, 'ಊರಿನಿಂದ ಬರುತ್ತಾನೆ' ಎಂಬುದೇ ಉದಾಹರಣೆ. ಹೊರಟವನು ಚಲಿಸುವನು, ಊರು ನಿಶ್ಚಲವಾಗಿರುವುದು. ಅದಕ್ಕೆ ಅಪಾದಾನವೆಂದು ಹೆಸರು. ನಾನೂ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟೆನು. ಊರಿನಿಂದ ಹೊರಡುವ ದಾರಿಯನ್ನೂ ತೋರಿದೆನು. ಊರಿಗೆ ಹಿಂದಿರುಗುವ ದಾರಿಯು ಬೀದರಿನಲ್ಲಿಯೇ ನಿಂತುಹೋಗುವುದೆಂಬುದನ್ನು ಎಣಿಸಲಿಲ್ಲ. ಆ ಒಕ್ಕಲಿಗನಿಗೆ ನಾನು ಕೊಟ್ಟ ಜಾಮೀನಿನಲ್ಲಿ ಕೊನೆಯ 40 ಕಿಲೋಮೀಟರು ಸೇರಿರಲಿಲ್ಲ.

ಈಗಲೂ ತಂದೆತಾಯಿಗಳು ಮಕ್ಕಳನ್ನು ದೂರಕ್ಕೆ ಕಳುಹಿಸುವ ವಿಷಯವಾಗಿ ನನ್ನಲ್ಲಿಗೆ ಬರುವುದುಂಟು. ಕಳುಹಿಸಿರಿ ಎಂದೇ ಹೇಳುತ್ತೇನೆ. ಬೇರೆ ಹೇಳಲು ನನಗೆ ಧೈರ್ಯವಿಲ್ಲ. ಆದರೆ 'ಗಾಡಿ ಇದೆಯಲ್ಲ' ಎಂಬ ಮಾತನ್ನು ಮಾತ್ರ ಆಡುವುದಿಲ್ಲ.