ಬಾಗಿಲು ಕಾಯುವವನ ಮರೆವು

ನಮ್ಮ ಬೀದಿಯ ಕೆಲವು ಮನೆಯವರು ಸೇರಿ ಒಂದು ಪುಸ್ತಕಭಂಡಾರವನ್ನು ನಡೆಸುತ್ತಿದ್ದೇವೆ. ಅದರ ಲೆಕ್ಕವನ್ನು ಕಂಪ್ಯೂಟರಿನಲ್ಲಿಡುವ ಭಾರವು ನನ್ನ ಮೇಲೆ ಬಿದ್ದಿತು. ೧೯೯೫ರಲ್ಲಿ ರಾಸ್ಮಸ್ ಲೆರ್ಡಾರ್ಫ್ ಎಂಬವರು ಹೊರತಂದ ಪಿ.ಎಚ್.ಪಿ. ಎಂಬ ಭಾಷೆಯನ್ನು ಅಲ್ಪಸ್ವಲ್ಪ ಬಲ್ಲೆನಾದುದರಿಂದ, ಒಂದು ಭಾನುವಾರ ಕುಳಿತು ಬಾಗಿಲೊಂದನ್ನು ಕಟ್ಟಿಬಿಟ್ಟೆನು. ಬಂದವರು ತಮ್ಮ ಹೆಸರನ್ನೂ ಪಾಸ್‌ವರ್ಡ್ ಎಂಬ ಗುಟ್ಟಿನ ಮಾತನ್ನೂ ಬರೆಯಬೇಕು. ಅವೆರಡೂ ಡೇಟಾಬೇಸಿನ ಪಟ್ಟಿಯೊಡನೆ ಸರಿಹೊಂದಿದರೆ ಪ್ರವೇಶ. ನನಗೆ ಹೆಮ್ಮೆಯೇ ಆಯಿತು.

ಒಂದು ಸಂಜೆ ಏನನ್ನೋ ತಿದ್ದಲೆಂದು ಆ ಪಟ್ಟಿಯನ್ನು ತೆರೆದೆನು. ಎಲ್ಲರ ಗುಟ್ಟುಗಳೂ ಬಟ್ಟಬಯಲಿನಲ್ಲಿ ಸಾಲಾಗಿ ನಿಂತಿದ್ದುವು. ನೆರೆಮನೆಯ ಅಜ್ಜಿಯ ಹೆಸರಿನ ಮುಂದೆ, ಎಳವೆಯಲ್ಲಿಯೇ ತೀರಿಹೋದ ಅವರ ಮಗನ ಹೆಸರಿದ್ದಿತು. ಆ ಹೆಸರನ್ನು ನಾನು ನನ್ನ ತಾಯಿಯಿಂದ ಕೇಳಿ ಬಲ್ಲೆನೇ ಹೊರತು, ಅಜ್ಜಿಯ ಬಾಯಿಂದ ಒಮ್ಮೆಯೂ ಕೇಳಿರಲಿಲ್ಲ. ಪರರ ದೇವರಕೋಣೆಯನ್ನು ಚಪ್ಪಲಿ ಮೆಟ್ಟಿ ಹೊಕ್ಕವನಂತೆ ನಾಚಿದೆನು.

ಈ ತಪ್ಪು ಹೊಸದಲ್ಲ. ೧೯೬೦ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯ ಕಂಪ್ಯೂಟರೊಂದರಲ್ಲಿ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟಣೆಯ ಬದಲು ಎಲ್ಲರ ಪಾಸ್‌ವರ್ಡುಗಳೂ ಪ್ರಕಟವಾಗಿದ್ದುವು. ಇದಕ್ಕೆ ಪರಿಹಾರವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಎಂಬವರು ೧೯೭೯ರಲ್ಲಿಯೇ ವಿವರಿಸಿದರು. ಪಿ.ಎಚ್.ಪಿ.ಯಲ್ಲಿ ೨೦೧೩ರಿಂದ ಅದಕ್ಕೆ ಸಿದ್ಧ ಸಾಧನವೇ ಇದೆ. ಗೃಹಿಣಿಯರಿಗೆ ಇದು ಸುಲಭವಾಗಿ ತಿಳಿದೀತು: ರಾಗಿಯನ್ನು ಬೀಸಿದ ಮೇಲೆ ಹಿಟ್ಟಿನಿಂದ ಕಾಳನ್ನು ಮರಳಿ ಪಡೆಯಲಾಗದು. ಗುಟ್ಟನ್ನೂ ಹಾಗೆಯೇ ಬೀಸಿ ಹಿಟ್ಟನ್ನು ಮಾತ್ರ ಇಡುವುದು. ಮರಳಿ ಬಂದವರ ಮಾತನ್ನು ಮತ್ತೆ ಬೀಸಿ, ಹಿಟ್ಟಿಗೆ ಹಿಟ್ಟನ್ನು ಹೋಲಿಸುವುದು. ಇಬ್ಬರ ಗುಟ್ಟು ಒಂದೇ ಆದರೂ ಹಿಟ್ಟು ಬೇರೆಯಾಗಲೆಂದು, ಒಬ್ಬೊಬ್ಬರದಕ್ಕೂ ಬೇರೆ ಬೇರೆ ಉಪ್ಪನ್ನು ಬೆರೆಸುತ್ತಾರೆ. ಆ ಬೆರಕೆಗೆ ಬಲ್ಲವರಿಟ್ಟ ಹೆಸರೂ ಉಪ್ಪೆಂದೇ.

ಅಂದೇ ರಾತ್ರಿ ಎಲ್ಲವನ್ನೂ ಬೀಸಿ, ಮೂಲವನ್ನು ಅಳಿಸಿದೆನು. ಬಂದವರು ಬರೆದ ಮಾತನ್ನು ಡೇಟಾಬೇಸಿಗೆ ಕೊಡುವ ಆಜ್ಞೆಯೊಳಗೇ ಹೊಲಿದಿದ್ದೆನು. ಕುಹಕಿಯೊಬ್ಬನು ಒಂದು ಉದ್ಧರಣಚಿಹ್ನೆಯಿಂದ ಆ ಆಜ್ಞೆಯನ್ನೇ ತಿರುಚಬಹುದಾಗಿತ್ತು. ಆಜ್ಞೆಯನ್ನು ಮೊದಲೇ ಸಿದ್ಧಪಡಿಸಿ, ಮಾತನ್ನು ಬೇರೆಯಾಗಿ ಒಪ್ಪಿಸುವಂತೆ ಅದನ್ನೂ ತಿದ್ದಿದೆನು.

ತಿಂಗಳ ಮೇಲೆ ಅಜ್ಜಿ ಬಂದರು. "ಬಾಗಿಲು ತೆರೆಯಲೊಲ್ಲದಪ್ಪ. ಯಾವ ಅಕ್ಷರಗಳಲ್ಲಿ ಬರೆದಿದ್ದೆನೋ, ನೋಡಿ ಹೇಳು."

"ಈಗ ಯಾರೂ ನೋಡಲಾಗದಮ್ಮ. ಬೇಕಾದರೆ ಹೊಸದೊಂದನ್ನು ಇಟ್ಟುಕೊಡುತ್ತೇನೆ."

"ಹೊಸದು ಬೇಡ," ಎಂದು ಅವರು ಒಂದೊಂದೇ ಅಕ್ಷರವನ್ನು ಒತ್ತತೊಡಗಿದರು. ನಾನು ಮುಖವನ್ನು ತಿರುಗಿಸಿ ಕುಳಿತೆನು. ಮೂರನೆಯ ಸಲಕ್ಕೆ ಬಾಗಿಲು ತೆರೆಯಿತು.

ಯಂತ್ರವು ಆ ಹೆಸರನ್ನು ಮರೆತಿದೆ. ನಾನು ಮರೆತಿಲ್ಲವೆಂಬುದನ್ನು ಅವರಿಗೆ ಇಂದಿಗೂ ಹೇಳಿಲ್ಲ.