ಆಲ್ಟಮಹಾ ದಂಡೆಯ ಫ್ರಾಂಕ್ಲಿನಿಯಾಗೆ

ಫ್ರಾಂಕ್ಲಿನಿಯಾ,

ಈ ಪತ್ರ ತೋಟಗಳಲ್ಲಿ ಬೆಳೆಯುತ್ತಿರುವ ನಿನ್ನ ಸಂತತಿಗಲ್ಲ. ಅಮೆರಿಕದ ಜಾರ್ಜಿಯಾದಲ್ಲಿ, ಆಲ್ಟಮಹಾ ನದಿಯ ಬಳಿ ತಾನಾಗಿ ಹುಟ್ಟಿ ತಾನಾಗಿ ಹೂಬಿಡುತ್ತಿದ್ದ ನಿನಗೆ.

1765ರ ಅಕ್ಟೋಬರ್ 1ರಂದು ಫಿಲಡೆಲ್ಫಿಯಾದ ಸಸ್ಯಶಾಸ್ತ್ರಜ್ಞ ಜಾನ್ ಬಾರ್ಟ್ರಮ್ ಮತ್ತು ಅವನ ಮಗ ವಿಲಿಯಂ ನಿನ್ನನ್ನು ಕಂಡರು. ಅಂದು ಅವರಿಗೆ ದಾರಿ ತಪ್ಪಿತ್ತು! ಜಾನ್ ತನ್ನ ದಿನಚರಿಯಲ್ಲಿ ನಿನ್ನನ್ನು ಅಪರೂಪದ ಪೊದೆಗಳ ಲೆಕ್ಕಕ್ಕೆ ಸೇರಿಸಿ ಮುಂದೆ ಹೋದ. 1770ರ ದಶಕದಲ್ಲಿ ವಿಲಿಯಂ ಮತ್ತೆ ಬಂದು ನಿನ್ನ ಹೂ ನೋಡಿದ, ಬೀಜ ಒಯ್ದ. ಬಿಳಿಯ ಐದು ಎಸಳು, ನಡುವೆ ಹಳದಿ ಕೇಸರದ ದಟ್ಟಣೆ. ಚಹಾ ಗಿಡ ಹೂಬಿಟ್ಟದ್ದನ್ನು ನೋಡಿದವರಿಗೆ ನಿನ್ನ ಕುಲ ಗೊತ್ತಾಗುತ್ತದೆ. ನೀನು ಅದೇ ಕುಟುಂಬದವಳು.

ನಾಮಕರಣಕ್ಕೆ 20 ವರ್ಷ ಹಿಡಿಯಿತು. 1785ರಲ್ಲಿ ಜಾನ್‌ನ ಸಂಬಂಧಿ ಹಂಫ್ರಿ ಮಾರ್ಷಲ್ ನಿನ್ನನ್ನು ಫ್ರಾಂಕ್ಲಿನಿಯಾ ಅಲಟಮಹಾ ಎಂದು ಕರೆದ. ಜಾನ್ ಅಷ್ಟರಲ್ಲಿ ತೀರಿಕೊಂಡಿದ್ದ. ಆ ಹೆಸರು ಬೆಂಜಮಿನ್ ಫ್ರಾಂಕ್ಲಿನ್‌ನದು. ಫ್ರಾಂಕ್ಲಿನ್ ಜಾನ್‌ನ ಗೆಳೆಯನೇನೋ ಹೌದು, ಆದರೆ ನೀನು ಕಣ್ಣಿಗೆ ಬಿದ್ದ ವರ್ಷ ಅವನಿದ್ದದ್ದು ಲಂಡನ್ನಿನಲ್ಲಿ. (ಬಾರ್ಟ್ರಮ್ ಹೆಸರು ಕೊನೆಗೆ ಸಿಕ್ಕಿದ್ದು ಒಂದು ಹಾವಸೆಗೆ.) ಅಲ್ಲಿಗೂ ಮುಗಿಯಲಿಲ್ಲ. ನೀನು ಗಾರ್ಡೋನಿಯಾ ಗಿಡಗಳ ಗುಂಪಿನವಳು ಎಂದು ವಾದಿಸಿದ ಪಂಡಿತರಿದ್ದರು. ಆ ಹೆಸರಿನ ಹಿಂದಿರುವ ಗಾರ್ಡನ್ ಲಂಡನ್ನಿನಲ್ಲಿ ಸಸಿ ಮಾರುತ್ತಿದ್ದವನು. ದೊಡ್ಡವರ ಈ ಹೆಸರುಗಳ ನಡುವೆ ನನಗೆ ಹಿಡಿಸುವುದು ಬಾಲದಲ್ಲಿರುವ ಅಲಟಮಹಾ. ನದಿಯ ಹೆಸರಿನ ಹಳೆಯ ಕಾಗುಣಿತ ಅದು. ನೀನಿದ್ದ ಊರನ್ನು ಹೇಳುವುದು ಅದೊಂದೇ.

ಆ ಊರಾದರೂ ಎಷ್ಟು? ವಿಲಿಯಂ ನಿನ್ನನ್ನು ಕಂಡದ್ದು ಎರಡು ಮೂರು ಎಕರೆಯಲ್ಲಿ ಮಾತ್ರ; ಅಷ್ಟೆಲ್ಲ ತಿರುಗಿದರೂ ಬೇರೆಲ್ಲೂ ಅವನಿಗೆ ಸಿಗಲಿಲ್ಲ. 1803ರಲ್ಲಿ ಜಾನ್ ಲಯನ್ ಬಂದಾಗ ಉಳಿದಿದ್ದದ್ದು ಬೆಳೆದ ಆರೆಂಟು ಗಿಡ. ಅವನೂ ಗಿಡ ಕಿತ್ತು ಮಾರುವ ಕಸುಬಿನವನೇ. ಕಾಡಿನಲ್ಲಿ ನಿನ್ನನ್ನು ಕಂಡ ಖಚಿತ ದಾಖಲೆ ಅದೇ ಕೊನೆಯದು. ನೀನು ಅಲ್ಲಿಂದ ಅಳಿದದ್ದಕ್ಕೆ ಕಾರಣ ನೆರೆ ಎನ್ನುತ್ತಾರೆ, ಬೆಂಕಿ ಎನ್ನುತ್ತಾರೆ, ಹತ್ತಿ ಹೊಲಗಳಿಂದ ಮಣ್ಣಿಗಿಳಿದ ರೋಗ ಎನ್ನುತ್ತಾರೆ, ಸಂಗ್ರಹಕಾರರ ಕೈ ಎಂದೂ ಎನ್ನುತ್ತಾರೆ.

ಬಾರ್ಟ್ರಮ್ ತೋಟದಿಂದ ಹರಡಿದ ಸಸಿಗಳೇ ನಿನ್ನನ್ನು ಉಳಿಸಿದವು ಎಂಬ ಮಾತಿದೆ. ವಿಲಿಯಂ ಬೀಜ ಒಯ್ಯದಿದ್ದರೆ ನಿನ್ನ ಹೂವನ್ನು ಇಂದು ಯಾರೂ ನೋಡುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಆಲ್ಟಮಹಾ ದಂಡೆಯಲ್ಲಿ ನಿನ್ನ ಹೂವಿಗೆ ಯಾವ ದುಂಬಿ ಬರುತ್ತಿತ್ತು, ಮಾಗಲು ವರ್ಷಕ್ಕೂ ಮಿಕ್ಕಿ ಹಿಡಿಯುವ ನಿನ್ನ ಕಾಯಿ ಆ ನೆಲದಲ್ಲಿ ಎಲ್ಲಿ ಬಿದ್ದು ಮೊಳೆಯುತ್ತಿತ್ತು ಎಂಬುದನ್ನು ಯಾವ ಬೀಜದ ಪೊಟ್ಟಣವೂ ಹೊತ್ತು ತರಲಿಲ್ಲ.

ಇಂತಿ,
ನಿನ್ನನ್ನು ಕಾಣದವನು